ಒತ್ತಿಲ್ಲದ ಮಾತು

“ಬಂದವರಿಗೆಲ್ಲ ನನ್ನ ನಮಸ್ಕಾರ. ನಿಮ್ಮ ಪ್ರೀತಿಗೆ ನಾನು ಚಿರಋಣಿ” ಎಂದು ಮಂಚದ ಪಕ್ಕದ ಟ್ಯಾಬು ಅಕ್ಕನ ದನಿಯಲ್ಲೇ ಹೇಳಿದಾಗ ಕೋಣೆಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಬಂದಿದ್ದವರು ಅಕ್ಕನ ಬ್ಯೂಟಿ ಪಾರ್ಲರಿಗೆ ವರ್ಷಗಟ್ಟಲೆ ತಲೆ ಕೊಟ್ಟ ಹೆಂಗಸರು. ಅವರಲ್ಲೊಬ್ಬರು ಅಕ್ಕನ ಕೈ ಹಿಡಿದು, ಇಂಥ ಸ್ಥಿತಿಯಲ್ಲೂ ಎಷ್ಟು ದೊಡ್ಡ ಮನಸ್ಸು ನೋಡಿ ಎಂದರು. ಬಾಗಿಲಲ್ಲಿ ನಿಂತಿದ್ದ ಭಾವ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು.

ಮಂಚದ ಕಾಲಬಳಿ ನಿಂತಿದ್ದ ತಂಗಿಗೆ ಮಾತ್ರ ಅಳು ಬರಲಿಲ್ಲ. ಅವಳು ಅಕ್ಕನ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಪ್ರೀತಿಯೂ ಇರಲಿಲ್ಲ, ಋಣವೂ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳು ಬಾಚಣಿಗೆ ಕದ್ದಾಗ ಅಕ್ಕ ನೋಡುತ್ತಿದ್ದ ನೋಟವಿತ್ತು. ಚಿರಋಣಿ ಎನ್ನುವ ಪದ ಅಕ್ಕನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಎಂಥ ದೊಡ್ಡವರ ಹೆಂಡತಿ ಬಂದು ಕುರ್ಚಿಯಲ್ಲಿ ಕೂತರೂ “ಅಲ್ಲಾಡ್ಬೇಡ, ಕಿವಿ ಹೋಗುತ್ತೆ” ಎಂದು ಗದರುತ್ತಿದ್ದವಳು ಅವಳು. ಕತ್ತರಿ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಆ ಬಾಯಿಗಾಗಿಯೇ ಜನ ಅವಳಲ್ಲಿಗೆ ಬರುತ್ತಿದ್ದರು.

ನರಗಳಿಗೆ ಬಂದ ಕಾಯಿಲೆ. ಮೊದಲು ಕೈಯಿಂದ ಕತ್ತರಿ ಜಾರಿತು. ಆಮೇಲೆ ಕಾಲು, ಆಮೇಲೆ ನಾಲಿಗೆ. ಇದಕ್ಕೆ ಮದ್ದಿಲ್ಲ, ಒಂದೊಂದಾಗಿ ಹೋಗುತ್ತಾ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಅಕ್ಕನ ಹಿಡಿತದಲ್ಲಿ ಉಳಿದಿದ್ದದ್ದು ಎರಡು ಕಣ್ಣು. ಒಮ್ಮೆ ರೆಪ್ಪೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಟ್ಯಾಬನ್ನು ತಂದು ಕೂರಿಸಿದವನು ಅಕ್ಕನ ಮಗ. ಅಕ್ಕ ಒಂದು ಅಕ್ಷರದ ಕಡೆ ನೋಡಿದರೆ ಸಾಕು, ಮಿಕ್ಕಿದ್ದನ್ನು ಅದರೊಳಗಿನ ಎಐ ತಾನೇ ಊಹಿಸುತ್ತಿತ್ತು. ಗಂಟೆ ಎಷ್ಟು, ಎದುರಿಗೆ ಯಾರಿದ್ದಾರೆ, ಹಿಂದೆ ಇಂಥ ಹೊತ್ತಲ್ಲಿ ಏನು ಹೇಳಿದ್ದಳು, ಎಲ್ಲವನ್ನೂ ನೋಡಿ ಪೂರ್ತಿ ವಾಕ್ಯ ಕಟ್ಟಿ ಮಾತಾಡುತ್ತಿತ್ತು. ಹಳೆಯ ಫೋನಿನಲ್ಲಿದ್ದ ವಾಯ್ಸ್ ಮೆಸೇಜುಗಳಿಂದ ಅಕ್ಕನ ದನಿಯನ್ನೂ ಕಲಿತಿತ್ತು.

ಬಂದವರೆಲ್ಲ ಹೋದ ಮೇಲೆ ತಂಗಿ ಮಂಚದ ತುದಿಗೆ ಕೂತು ಕೇಳಿದಳು. “ಅಕ್ಕಾ, ನೀನು ಹೇಳಕ್ಕೆ ಹೊರಟಿದ್ದು ಅದಲ್ಲ, ಅಲ್ವಾ?”

ರೆಪ್ಪೆ ಒಮ್ಮೆ ಮುಚ್ಚಿತು, ಬಿಗಿಯಾಗಿ.

ಟ್ಯಾಬು ‘ಬಂದವರಿಗೆಲ್ಲ’ ಎಂದು ಶುರುಮಾಡಿದ್ದರಿಂದ ಅಕ್ಕ ನೋಡಿದ್ದು ‘ಬ’ ಅಕ್ಷರವನ್ನು ಎಂದು ಗೊತ್ತಿತ್ತು. ಬಾಯಿ ಒಣಗಿದೆಯಾ, ಬಿಸಿಲಾ, ಬಟ್ಟೆ ಬದಲಿಸಬೇಕಾ ಎಂದು ಒಂದೊಂದೇ ಕೇಳುತ್ತಾ ಹೋದಳು. ಬೆನ್ನಾ ಎಂದಾಗ ಅಕ್ಕ ಕಣ್ಣು ಮುಚ್ಚಿದವಳು ತೆರೆಯಲೇ ಇಲ್ಲ. ಮಗ್ಗುಲಿಗೆ ಹೊರಳಿಸಿ ನೋಡಿದರೆ ಬೆನ್ನಿಡೀ ಕೆಂಪು ದದ್ದು. ಹಾಸಿಗೆಯ ಹೊಸ ಹೊದಿಕೆ ಒಗ್ಗಿರಲಿಲ್ಲ. ಹೆಂಗಸರು ಕಣ್ಣೀರು ಹಾಕುತ್ತಿದ್ದಷ್ಟು ಹೊತ್ತೂ ಅಕ್ಕ ಬೆನ್ನು ಕೆರೆಯಿರಿ ಎಂದು ಹೇಳಲು ಒದ್ದಾಡುತ್ತಿದ್ದಳು.

ಸಂಜೆ ಈ ವಿಷಯ ಹೇಳಿದಾಗ ಅಕ್ಕನ ಮಗ ಬೇಸರಪಟ್ಟುಕೊಂಡ. ಅವನೇನೂ ಅಸಡ್ಡೆಯವನಲ್ಲ. ಅಮ್ಮನಿಗಾಗಿ ಕೆಲಸಕ್ಕೆ ರಜೆ ಹಾಕಿ ಬಂದು ಕೂತವನು. “ಚಿಕ್ಕಮ್ಮಾ, ಒಂದೊಂದೇ ಅಕ್ಷರ ಆರಿಸ್ತಾ ಕೂತ್ರೆ ಅಮ್ಮಂಗೆ ಸುಸ್ತಾಗುತ್ತೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗೇ ಹೇಳುತ್ತೆ” ಎಂದ.

“ಆ ಒಂಬತ್ತು ಸರಿ ಅಂತ ನಿಂಗೆ ಯಾರು ಹೇಳಿದ್ರು?”

ಅವನು ಅಮ್ಮನ ಕಡೆ ನೋಡಿದ. ಆಮೇಲೆ ಟ್ಯಾಬಿನ ಕಡೆ.

ಕೇಳಿದವಳಿಗೂ ಆ ಪ್ರಶ್ನೆ ತಿರುಗಿ ಬಂದು ತಗುಲಿತು. ಅವಳು ಹಗಲಿಡೀ ಆಫೀಸಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಬಸ್ಸುಗಳ ಸೀಟು ಕಾಯ್ದಿರಿಸುವ ಸಾಫ್ಟ್‌ವೇರ್ ಮಾಡುವ ಕಂಪನಿ. ಒಂದು ಕಾಲದಲ್ಲಿ ಅದರ ಅರ್ಧಕ್ಕರ್ಧ ಕೋಡನ್ನು ಅವಳೇ ಬರೆದಿದ್ದಳು. ಒಂಟಿ ಹೆಂಗಸಿನ ಪಕ್ಕದ ಸೀಟು ಯಾರಿಗೆ ಕೊಡಬೇಕು, ಕೂಸಿರುವ ತಾಯಿಗೆ ಯಾವ ಕಿಟಕಿ, ಎಂದು ತಲೆ ಕೆಡಿಸಿಕೊಂಡು ಬರೆದದ್ದು. ಬಸ್ಸು ಹತ್ತಿದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದದ್ದು. ಈಗ ಬರೆಯುವುದು ಎಐ. ಅದು ಬರೆದು ಬರೆದು ಗುಡ್ಡೆ ಹಾಕುತ್ತಿತ್ತು, ಇವಳು ಓದಿ ‘ಒಪ್ಪಿಗೆ’ ಎಂಬ ಗುಂಡಿ ಒತ್ತುತ್ತಿದ್ದಳು. ಮೊದಮೊದಲು ಪೂರ್ತಿ ಓದುತ್ತಿದ್ದಳು. ಆಮೇಲೆ ಕಣ್ಣಾಡಿಸಿದಳು. ಈಚೆಗೆ ಅದೂ ಇಲ್ಲ. ಒಂದು ಸಣ್ಣ ಭಾಗವನ್ನಾದರೂ ನಾನೇ ಬರೆಯುತ್ತೇನೆ ಎಂದು ಒಮ್ಮೆ ಕೇಳಿದ್ದಳು. ಅವಳಿಗಿಂತ ಎಷ್ಟೋ ಚಿಕ್ಕವನಾದ ಟೀಮಿನ ಮುಖ್ಯಸ್ಥ, ಲಿಫ್ಟಿರುವಾಗ ಮೆಟ್ಟಿಲು ಯಾಕೆ ಮೇಡಂ ಎಂದು ನಕ್ಕಿದ್ದ. ಕೆಟ್ಟ ನಗುವೇನಲ್ಲ. ಅವಳೂ ನಕ್ಕು ತನ್ನ ಸೀಟಿಗೆ ವಾಪಸು ಬಂದಿದ್ದಳು. ಸಂಜೆ ಮನೆಗೆ ಬರುವಾಗ ಇವತ್ತು ಏನು ಮಾಡಿದೆ ಎಂದು ಯೋಚಿಸಿದರೆ ಬೆರಳ ತುದಿಯಲ್ಲಿ ಆ ಗುಂಡಿ ಒತ್ತಿದ ನೆನಪಷ್ಟೇ ಇರುತ್ತಿತ್ತು.

ಅಕ್ಕನಿಗೆ ಕಾಯಿಲೆ ಜೋರಾದಾಗಿನಿಂದ ಅವಳು ತನ್ನ ಬಾಡಿಗೆ ಮನೆ ಬಿಟ್ಟು ಈ ಮನೆಯ ಹಿಂದಿನ ಕೋಣೆಗೆ ಬಂದಿದ್ದಳು. ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಮೊದಲು ಅವಳೂ ಎಐಗೇ ಹೇಳಿದಳು: ಊಹಿಸಬೇಡ, ಅಕ್ಷರ ಆರಿಸಲು ಬಿಡು ಸಾಕು, ಅಂಥದ್ದೊಂದು ಮಾಡಿಕೊಡು. ಕಾಫಿ ಆರುವಷ್ಟರಲ್ಲಿ ಬಂತು. ಬಣ್ಣ, ಗುಂಡಿ, ಸ್ವಾಗತದ ಮಾತು, ಎಲ್ಲ ಅಚ್ಚುಕಟ್ಟು. ಸಾವಿರಾರು ಸಾಲು. ಅದರ ಮುಂದೆ ಕೂತಾಗ ಆಫೀಸಿನದೇ ಮಬ್ಬು ಕವಿದಂತಾಯಿತು. ಇದರೊಳಗೆ ಎಲ್ಲಿ ಏನಿದೆಯೋ, ಅಕ್ಕನ ರೆಪ್ಪೆಗೂ ಅಕ್ಷರಕ್ಕೂ ನಡುವೆ ಯಾರು ಕೂತಿದ್ದಾರೋ, ಅವಳಿಗೆ ಗೊತ್ತಾಗುವಂತಿರಲಿಲ್ಲ. ಅದನ್ನು ಮುಚ್ಚಿ, ಖಾಲಿ ಪುಟ ತೆರೆದು, ಮೊದಲ ಸಾಲನ್ನು ತಾನೇ ಬರೆದಳು. ಬರೆದದ್ದು ತಪ್ಪಿತ್ತು. ಎಲ್ಲೋ ಒಂದು ಬ್ರಾಕೆಟ್ಟು ಮುಚ್ಚಿರಲಿಲ್ಲ. ಇಷ್ಟು ವರ್ಷ ಇದೇ ಹೊಟ್ಟೆಪಾಡಾಗಿದ್ದವಳಿಗೆ ಕೈ ಮರೆತುಹೋಗಿತ್ತು. ನಾಚಿಕೆಯಾಯಿತು. ಅದರ ಬೆನ್ನಿಗೇ, ಬಹಳ ದಿನದ ಮೇಲೆ, ಹಠವೂ ಹುಟ್ಟಿತು.

ಪ್ರೋಗ್ರಾಂ ಸರಳವಾದದ್ದು. ಸ್ಕ್ರೀನಿನ ಮೇಲೆ ಅಕ್ಷರಗಳ ಸಾಲುಗಳು. ಒಂದು ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಅಕ್ಕ ರೆಪ್ಪೆ ಮುಚ್ಚಬೇಕು. ಆಗ ಬೆಳಕು ಆ ಸಾಲಿನಲ್ಲಿ ಒಂದೊಂದೇ ಅಕ್ಷರದ ಮೇಲೆ ನಡೆಯುತ್ತದೆ. ಇನ್ನೊಮ್ಮೆ ಮುಚ್ಚಿದರೆ ಅಕ್ಷರ ಸಿಕ್ಕಿತು. ಆಮೇಲೆ ಅದರ ಕಾಗುಣಿತ. ಅಷ್ಟೇ. ಆದರೆ ಅಷ್ಟರಲ್ಲೇ ಎಷ್ಟೆಲ್ಲ ಇತ್ತು. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಅಕ್ಷರ ಇಟ್ಟರೆ ‘ಬ’ ಬರುವ ಹೊತ್ತಿಗೆ ಅಕ್ಕ ನಿದ್ದೆ ಹೋಗುತ್ತಾಳೆ. ಅಕ್ಕನ ಮಾತು ಹೇಗೆ ಶುರುವಾಗುತ್ತದೆ ಎಂದು ನೆನಪಿಸಿಕೊಂಡು ಜೋಡಿಸಬೇಕು. ತಂಗಿ ಎಲ್ಲಕ್ಕಿಂತ ಮೇಲೆ ‘ಗ’ ಇಟ್ಟಳು. ಅಕ್ಕ ಅವಳನ್ನು ಹುಟ್ಟಿದಾಗಿನಿಂದ ಕರೆಯುತ್ತಿದ್ದದ್ದು ಗೂಬೆ ಎಂದೇ.

ರೆಪ್ಪೆಯನ್ನು ಹಿಡಿಯುವುದು ಇನ್ನೊಂದು ಪೇಚಾಟ. ಕ್ಯಾಮೆರಾದಲ್ಲಿ ಕಣ್ಣಿನ ಜಾಗದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಎಂದು ಎಣಿಸುವ ಒಂದು ಉಪಾಯ ಮಾಡಿದಳು. ಮೊದಲ ದಿನ ಅಕ್ಕನ ಮುಂದಿಟ್ಟಾಗ ಸ್ಕ್ರೀನಿನ ಮೇಲೆ ‘ಕಾಕಾಕಾಕಾ’ ಎಂದು ತುಂಬಿಹೋಯಿತು. ಫ್ಯಾನಿನ ನೆರಳು ಕಣ್ಣಿನ ಮೇಲೆ ಹಾದಾಗಲೆಲ್ಲ ಪ್ರೋಗ್ರಾಂ ಅದನ್ನು ರೆಪ್ಪೆ ಎಂದುಕೊಂಡಿತ್ತು. ತಂಗಿ ನಕ್ಕಳು. ಅಕ್ಕನ ಮುಖದಲ್ಲಿ ನಗುವ ಸ್ನಾಯು ಉಳಿದಿರಲಿಲ್ಲ, ಆದರೂ ಕಣ್ಣಿನ ಸುತ್ತ ಏನೋ ಸಡಿಲವಾಯಿತು. ಆ ತಪ್ಪು ತಂಗಿಯನ್ನು ದಿನಗಟ್ಟಲೆ ಕಾಡಿತು. ಬಸ್ಸಿನಲ್ಲಿ ನಿಂತಾಗ, ಮೀಟಿಂಗಿನಲ್ಲಿ, ಸ್ನಾನ ಮಾಡುವಾಗ. ಫ್ಯಾನಿನ ನೆರಳು ಬಂದಷ್ಟೇ ಬೇಗ ಹೋಗುತ್ತದೆ, ಬೇಕೆಂದು ಮುಚ್ಚಿದ ರೆಪ್ಪೆ ಒಂದು ಗಳಿಗೆ ನಿಲ್ಲುತ್ತದೆ. ಹಾಗಾದರೆ ನಿಂತದ್ದನ್ನು ಮಾತ್ರ ಲೆಕ್ಕಕ್ಕೆ ತಗೊಂಡರಾಯಿತು ಎಂದು ಹೊಳೆದಾಗ ಅವಳು ರಸ್ತೆ ದಾಟುತ್ತಿದ್ದಳು. ಅಲ್ಲೇ ನಿಂತುಬಿಟ್ಟಳು. ಸ್ಕೂಟರಿನವನೊಬ್ಬ ಬೈದು ಹೋದ. ಬೈಸಿಕೊಂಡೂ ನಗುತ್ತಿದ್ದಳು.

ತಿದ್ದಿ ಇಟ್ಟ ಬೆಳಿಗ್ಗೆ ಬೆಳಕು ನಿಧಾನ ಇಳಿಯಿತು. ಅಕ್ಕ ಬಹಳ ಹೊತ್ತು ತಗೊಂಡಳು. ‘ಗೂಬೆ ಬೆನು ಕೆರಿ’ ಎಂದು ಮೂಡಿತು. ಒತ್ತಕ್ಷರ ಬರೆಯಲು ಇನ್ನೂ ದಾರಿ ಮಾಡಿರಲಿಲ್ಲ. ತಂಗಿ ಬೆನ್ನು ಕೆರೆದಳು, ಸಾಕು ಎನ್ನುವವರೆಗೂ ಕೆರೆದಳು. ಮುಖ ಅಕ್ಕನಿಗೆ ಕಾಣದಂತೆ ಆಚೆ ತಿರುಗಿಸಿಕೊಂಡಿದ್ದಳು.

ಆಮೇಲಿನ ದಿನಗಳಲ್ಲಿ ಮನೆಗೆ ಹಳೆಯ ಅಕ್ಕ ವಾಪಸು ಬಂದಳು. ಮಗನಿಗೆ ‘ಗಡ ಬೋಳಿಸು’ ಎಂದಳು. ಮಂಚದ ಬಳಿ ಕೂತು ಹಳೆಯ ಹಾಡು ಹೇಳುತ್ತಿದ್ದ ಗಂಡನಿಗೆ ‘ಹಾಡು ಸಾಕು’ ಎಂದಳು. ಭಾವನ ಮುಖ ಸಣ್ಣಗಾಯಿತು. ಟ್ಯಾಬಿನ ಅಕ್ಕ ಆ ಹಾಡನ್ನು ದಿನವೂ ಹೊಗಳುತ್ತಿದ್ದಳು. ತಂಗಿ ಒತ್ತಕ್ಷರಕ್ಕೆಂದು ಬೇರೆ ಸಾಲು ಮಾಡಿ, ಅದು ಚೆನ್ನಾಗಿ ಬಂದದ್ದಕ್ಕೆ ತಾನೇ ಬೀಗಿ ತೋರಿಸಿದಳು. ಅಕ್ಕ ಆ ಸಾಲಿನ ಗೊಡವೆಗೇ ಹೋಗಲಿಲ್ಲ. ‘ಒತು ಬೇಡ. ಹೊತಿಲ’ ಎಂದು ಬರೆದಳು. ಹೊತ್ತಿಲ್ಲ. ತಂಗಿ ಆ ಸಾಲನ್ನು ಅಳಿಸಿದಳು. ಅಳಿಸಿದ್ದರಿಂದ ಬೆಳಕು ಸುತ್ತಿ ಬರುವ ದಾರಿ ಒಂದಿಷ್ಟು ಕಡಿಮೆಯಾಯಿತು.

ಬೆಳಿಗ್ಗೆ ಎದ್ದರೆ ಅವಳಿಗೆ ಲ್ಯಾಪ್‌ಟಾಪಿನ ಹತ್ತಿರ ಹೋಗುವ ತವಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗಿತ್ತು. ಒಂದು ಸಾಲು ಬರೆದು, ಓಡಿಸಿ, ತಪ್ಪಾಗಿ, ಯಾಕೆ ತಪ್ಪಾಯಿತು ಎಂದು ಹುಡುಕಿ, ಸಿಕ್ಕಾಗ ಎದೆಯಲ್ಲಿ ಏನೋ ತಣ್ಣಗೆ ಇಳಿಯುವುದು. ಮತ್ತೆಂದೂ ಬರುವುದಿಲ್ಲ ಎಂದು ಬಿಟ್ಟುಕೊಟ್ಟಿದ್ದ ಸುಖ ಅದು. ಬಂದದ್ದು ಎಂಥ ಹೊತ್ತಿನಲ್ಲಿ, ಯಾರ ಮಂಚದ ಪಕ್ಕದಲ್ಲಿ, ಎಂದು ಅವಳು ಯೋಚಿಸದೇ ಇರಲು ನೋಡುತ್ತಿದ್ದಳು.

ಒಂದು ಭಾನುವಾರ ಹಾಗೆಯೇ ಕೂತಿದ್ದಳು. ರೆಪ್ಪೆ ಅರ್ಧ ಮುಚ್ಚಿದಾಗ ಏನು ಮಾಡಬೇಕು ಎನ್ನುವ ತೊಡಕು ಬಿಡಿಸುತ್ತಿದ್ದಳು, ಇನ್ನೇನು ಸಿಕ್ಕಿತು ಎನ್ನುವ ಹಾಗಿತ್ತು. ಪಕ್ಕದ ಕೋಣೆಯಿಂದ ಗೊರಗೊರ ಸದ್ದು ಬರುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಭಾವ ಮಹಡಿಯಿಂದ ದಡದಡ ಇಳಿದು ಓಡಿದಾಗ ಎಚ್ಚರವಾಯಿತು. ಅಕ್ಕನ ಗಂಟಲಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತ್ತು. ಭಾವ ಕೈಯಲ್ಲಿ ಕಫ ಎಳೆಯುವ ಯಂತ್ರದ ನಳಿಕೆ ಹಿಡಿದಿದ್ದರು. ಅಕ್ಕನ ತುಟಿ ನೀಲಿಗಟ್ಟಿತ್ತು. ಇಬ್ಬರೂ ಸೇರಿ ಕಫ ತೆಗೆದು, ಉಸಿರು ಸರಿಹೋಗುವವರೆಗೂ ಎದೆ ನೀವುತ್ತಾ ಕೂತರು.

ಆಮೇಲೆ ಭಾವ ತಗ್ಗಿದ ದನಿಯಲ್ಲಿ, “ನೀನು ಪಕ್ಕದಲ್ಲೇ ಇದ್ಯಲ್ಲಮ್ಮಾ. ಏನೋ ಗುನುಗ್ತಾ ಇದ್ದೆ. ಅವಳ ಗೊರಗೊರ ನಂಗೆ ಮೇಲಕ್ಕೇ ಕೇಳಿಸ್ತು” ಎಂದರು.

ತಾನು ಗುನುಗುತ್ತಿದ್ದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಇನ್ನು ಇದನ್ನು ಮುಟ್ಟುವುದಿಲ್ಲ ಎಂದು ಆ ಮಧ್ಯಾಹ್ನ ಅಕ್ಕನ ಬಳಿ ಹೇಳಿದಳು. ಇಂಥ ಕೆಲಸ ಗೊತ್ತಿರುವವರನ್ನು ಯಾರನ್ನಾದರೂ ಕರೆಸೋಣ, ಇಲ್ಲದಿದ್ದರೆ ಮಗ ಹೇಳಿದ ಹಾಗೆ ಟ್ಯಾಬೇ ಇರಲಿ ಎಂದಳು. ಅಕ್ಕ ಸ್ಕ್ರೀನಿನ ಕಡೆ ನೋಡಿದಳು. ಬೆಳಕು ಇಳಿಯತೊಡಗಿತು. ಸುಸ್ತಾಗಿದ್ದಳು, ನಡುನಡುವೆ ಸಾಲು ತಪ್ಪುತ್ತಿತ್ತು. ಕೊನೆಗೆ ಮೂಡಿದ್ದು ಇಷ್ಟು: ‘ನನ ಕಾಯಿಲೆ ನಿಂಗೆ ಒಗಿದೆ.’

ಒಗ್ಗಿದೆ ಎಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ತಂಗಿ ಮಂಚದ ಸರಳು ಹಿಡಿದುಕೊಂಡು, ಹೊದಿಕೆಯಲ್ಲಿ ಮುಖವಿಟ್ಟು ಅತ್ತಳು. ತಲೆ ಎತ್ತಿ ನೋಡಿದಾಗ ಬೆಳಕು ಇನ್ನೂ ಓಡಾಡುತ್ತಿತ್ತು. ಅಕ್ಕ ಬರೆಯುತ್ತಲೇ ಇದ್ದಳು.

‘ಬಿಡಬೇಡ. ಮುಖದಲಿ ಕಳೆ ಬಂದಿದೆ. ಹುಬು ಮಾತರ ತೆಗಿಸು.’

ಆಮೇಲೂ ತಂಗಿ ಪ್ರೋಗ್ರಾಂ ಬರೆದಳು, ಕೋಣೆಯ ಬಾಗಿಲು ತೆರೆದಿಟ್ಟುಕೊಂಡು, ಪ್ರತಿ ಸಾಲಿಗೂ ಒಮ್ಮೆ ಕಿವಿಗೊಟ್ಟು. ಸುಖ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಕಾಯಿಲೆ ಅವಳಿಗಿಂತ ಮುಂದೆ ಓಡುತ್ತಿತ್ತು. ರೆಪ್ಪೆಗಳು ಭಾರವಾದವು. ಅಕ್ಕ ಬೇಕೆಂದು ಮುಚ್ಚಿದ್ದು ಯಾವುದು, ತಾನಾಗಿ ಜೋತುಬಿದ್ದದ್ದು ಯಾವುದು ಎಂದು ಹೇಳುವುದು ಕಷ್ಟವಾಯಿತು. ತಂಗಿ ಬೆಳಕನ್ನು ನಿಧಾನ ಮಾಡಿದಳು. ಇನ್ನೂ ನಿಧಾನ ಮಾಡಿದಳು. ಎರಡೂ ಕಣ್ಣಿನ ಬದಲು ಬಲಗಣ್ಣನ್ನು ಮಾತ್ರ ನೋಡುವಂತೆ ತಿದ್ದಿದಳು. ಆಮೇಲೆ ರೆಪ್ಪೆ ಬಿಟ್ಟು ಹುಬ್ಬಿನ ನಡುಕವನ್ನು ಹಿಡಿಯುವಂತೆ ಬರೆದಳು. ಅವಳು ಅಷ್ಟು ಒಳ್ಳೆಯ ಪ್ರೋಗ್ರಾಂ ಬದುಕಿನಲ್ಲಿ ಬರೆದಿರಲಿಲ್ಲ. ಅದು ಮುಗಿದ ದಿನ ಅಕ್ಕನ ಹುಬ್ಬು ನಡುಗುವುದನ್ನು ನಿಲ್ಲಿಸಿತ್ತು.

ಭಾವ ಮಧ್ಯಾಹ್ನದ ಹೊತ್ತು ಮತ್ತೆ ಟ್ಯಾಬು ಹಾಕತೊಡಗಿದ್ದರು. ತಂಗಿ ಒಂದು ಸಲ ತಡೆಯಲು ಹೋದಳು. ಅವಳು ಹೇಳೋ ಮಾತಲ್ಲ ಅದು ಭಾವ ಎಂದಳು.

“ಗೊತ್ತಮ್ಮಾ” ಎಂದರು ಭಾವ. “ನೀನು ಅವಳ ಮಾತು ಉಳಿಸ್ಕೊಟ್ಟೆ. ನಂಗೆ ದನಿ ಬೇಕು. ಸುಳ್ಳೇ ಇರ್ಲಿ.”

ತಂಗಿ ಟ್ಯಾಬಿಗೆ ಜಾಗ ಬಿಟ್ಟು ತನ್ನ ಕುರ್ಚಿ ಸರಿಸಿಕೊಂಡಳು. ಮಂಚದ ಈ ಕಡೆ ಅವಳ ಲ್ಯಾಪ್‌ಟಾಪು, ಆ ಕಡೆ ಮಗನ ಟ್ಯಾಬು. ಒಂದರಲ್ಲಿ ಏನೂ ಮೂಡುತ್ತಿರಲಿಲ್ಲ. ಇನ್ನೊಂದು, ಅಕ್ಕ ಯಾವ ಅಕ್ಷರವನ್ನೂ ನೋಡದೆ ಹೋದರೂ, ಹೊತ್ತು ನೋಡಿಕೊಂಡು ಊಟ ಆಯ್ತಾ ಎನ್ನುತ್ತಿತ್ತು, ಮಗ ಬಂದರೆ ಬೇಗ ಬಂದ್ಯಲ್ಲ ಮರೀ ಎನ್ನುತ್ತಿತ್ತು. ಒಂದು ದಿನ ಅದೇ ಮಾತನ್ನು ಎರಡು ಸಲ ಕೇಳಿಸಿಕೊಂಡ ಮಗ, ಮಂಚದ ಪಕ್ಕದಿಂದ ಟ್ಯಾಬನ್ನು ಬಿಚ್ಚಿ ಎದೆಗವಚಿಕೊಂಡು ಹೊರಗೆ ತೆಗೆದುಕೊಂಡು ಹೋದ. ಭಾವ ಎದ್ದು ದಾರಿ ಬಿಟ್ಟರು.

ತಂಗಿ ಆಫೀಸಿಗೆ ರಜೆ ಹಾಕಿದಳು. ಕೆನ್ನೆಯಲ್ಲೆಲ್ಲಾದರೂ ಒಂದು ಮಿಡುಕು ಉಳಿದಿದೆಯೇ ಎಂದು ಹುಡುಕುವಂತೆ ಪ್ರೋಗ್ರಾಮನ್ನು ಇನ್ನೊಮ್ಮೆ ಬರೆದಳು. ಕೈ ಈಗ ಎಲ್ಲೂ ತಡವರಿಸುತ್ತಿರಲಿಲ್ಲ, ಸಾಲುಗಳು ಒಂದರ ಹಿಂದೊಂದು ಬರುತ್ತಿದ್ದವು. ಮುಂದಿಟ್ಟುಕೊಂಡು ಒಂದಿಡೀ ಬೆಳಿಗ್ಗೆ ಕೂತಳು. ಅಕ್ಕನ ಕಣ್ಣು ತೆರೆದೇ ಇತ್ತು. ಒಳಗೆ ಎಲ್ಲ ಗೊತ್ತಾಗುತ್ತಿರುತ್ತದೆ, ಕೇಳಿಸುತ್ತಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಳಕು ಇಳಿಯಿತು, ಮೇಲೆ ಹೋಯಿತು, ಮತ್ತೆ ಇಳಿಯಿತು.

ಭಾವ ಬಂದು ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಒಗೆದು ಮಡಿಸಿದ ಹೊದಿಕೆಗಳಿದ್ದವು.

“ಏನಾದ್ರೂ ಹೇಳಿದ್ಲಾ?” ಎಂದು ಕೇಳಿದರು.

ಅಕ್ಕ ಏನು ಹೇಳಬಹುದಿತ್ತು ಎಂದು ತಂಗಿಗೆ ಗೊತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುವಷ್ಟು ಗೊತ್ತಿತ್ತು. ಭಾವ ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ಮಾತು ಅವಳ ಬಾಯ ತುದಿಗೆ ಬಂದಿತ್ತು.

“ಇಲ್ಲ ಭಾವ” ಎಂದಳು.

ಭಾವ ತಲೆಯಾಡಿಸಿದರು. ಹೊದಿಕೆಗಳನ್ನು ಕುರ್ಚಿಯ ಮೇಲಿಟ್ಟರು. ಕಿಟಕಿಯಿಂದ ಬಿಸಿಲು ಸರಿದು ಬಂದು ಅಕ್ಕನ ಮುಖದ ಮೇಲೆ ಬಿದ್ದಿತ್ತು. ಅವರು ಹೋಗಿ ಪರದೆಯ ಅಂಚು ಹಿಡಿದು ಎಳೆದರು. ಅರ್ಧಕ್ಕೆ ಎಳೆದವರು ನಿಲ್ಲಿಸಿ, ಬಿಸಿಲು ಬೇಕೋ ನೆರಳೋ ಎಂದು ಕೇಳುವಂತೆ ಹೆಂಡತಿಯ ಮುಖ ನೋಡಿದರು. ಅರ್ಧ ಮುಖ ಬಿಸಿಲಲ್ಲಿತ್ತು, ಅರ್ಧ ನೆರಳಲ್ಲಿತ್ತು. ಪರದೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು, ಮತ್ತೆ ಮುಂದಕ್ಕೆ ತಂದರು, ಆಮೇಲೆ ಎತ್ತಲೂ ಎಳೆಯದೆ, ಅದನ್ನು ಹಿಡಿದುಕೊಂಡು ಹಾಗೇ ನಿಂತಿದ್ದರು.